ಕೆಂಪು ನದಿಯಾಚೆ ಒಂದು ಸರ್ಕಾರ

ನಾವಿರುವ ಡಲ್ಲಾಸ್ ಕಡೆ ಯಾರಾದರೂ ‘ವೀಕೆಂಡ್‌ಗೆ ಚಾಕ್ಟಾಗೆ ಹೋಗ್ತಿದೀವಿ’ ಅಂದರೆ ಕ್ಯಾಸಿನೊಗೆ ಅಂತಲೇ ಅರ್ಥ. ಹೈವೇ 75ರಲ್ಲಿ ಉತ್ತರಕ್ಕೆ ಹೋದರೆ ರೆಡ್ ರಿವರ್ ಸಿಗುತ್ತದೆ. ಸೇತುವೆ ದಾಟಿದರೆ ಒಕ್ಲಹೋಮ ರಾಜ್ಯ. ಇನ್ನೂ ಸ್ವಲ್ಪ ಮುಂದೆ ಡುರಾಂಟ್ ಪಟ್ಟಣ. ಒಟ್ಟು ಒಂದೂವರೆ ಗಂಟೆ ದಾರಿ. ಆದರೆ ‘ಚಾಕ್ಟಾ’ ಅನ್ನೋದು ಕ್ಯಾಸಿನೊ ಹೆಸರಲ್ಲ, ಒಂದು ಜನಾಂಗದ ಹೆಸರು. ನಾನು ಮತ್ತು ನನ್ನ ಹೆಂಡತಿ ಎರಡು ದಿನ ರಜೆ ಹಾಕಿ ಆ ಜನರ ನಾಡನ್ನು ನೋಡಲು ಹೊರಟೆವು.

ಡುರಾಂಟ್‌ನಲ್ಲಿ ಕಾರುಗಳ ನಂಬರ್ ಪ್ಲೇಟ್ ನೋಡಿ. ಎಷ್ಟೋ ಕಾರುಗಳ ಮೇಲೆ ರಾಜ್ಯದ ಹೆಸರಿನ ಜೊತೆ ‘ಚಾಕ್ಟಾ ನೇಷನ್’ ಅಂತಲೂ ಇರುತ್ತದೆ. ಇವರ ಆಡಳಿತ ಕಚೇರಿ ಇರುವುದೂ ಇದೇ ಊರಿನಲ್ಲಿ. ಇವರಿಗೆ ತಮ್ಮದೇ ಸಂವಿಧಾನ, ನ್ಯಾಯಾಲಯ, ಪೊಲೀಸ್ ಇದೆ. ಸದಸ್ಯರ ಸಂಖ್ಯೆ 2 ಲಕ್ಷ ದಾಟುತ್ತದೆ. 2021ರಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹಲಿಟೋ’ ಅಂತ ಸ್ವಾಗತಿಸುತ್ತಾರೆ. ಅವರ ಭಾಷೆಯಲ್ಲಿ ನಮಸ್ಕಾರ ಅಂತ.

ಆದರೆ ಇದು ಇವರ ಮೂಲ ನೆಲವಲ್ಲ. ಮೂಲ ಊರು ಪೂರ್ವದ ಮಿಸಿಸಿಪ್ಪಿ. ಅಲ್ಲಿ ‘ನಾನಿಹ್ ವಾಯಾ’ ಎಂಬ ದೊಡ್ಡ ಮಣ್ಣಿನ ದಿಬ್ಬವಿದೆ, ಅದನ್ನು ಇವರು ತಾಯಿ ಅನ್ನುತ್ತಾರೆ. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ಸಾಲದ ಲೆಕ್ಕದಿಂದ ಶುರು ಮಾಡಬೇಕು. ಜಿಂಕೆ ಚರ್ಮ ಕೊಟ್ಟು ಬಂದೂಕು, ಬಟ್ಟೆ ಕೊಳ್ಳುವ ವ್ಯಾಪಾರದಲ್ಲಿ ಸಾಲ ಬೆಳೆಯಿತು. 1805ರ ಒಂದು ಒಪ್ಪಂದದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ನೆಲ ಕೈಬಿಟ್ಟಿತು. ಅದಕ್ಕೆ ಸಿಕ್ಕ ಹಣದಲ್ಲಿ ಬಹುಪಾಲು ಹೋಗಿದ್ದು ವ್ಯಾಪಾರಿಗಳ ಸಾಲ ತೀರಿಸಲಿಕ್ಕೆ. ನಮ್ಮ ಹಳ್ಳಿಗಳಲ್ಲಿ ಸಾಲಕ್ಕೆ ಗದ್ದೆ ಬರೆಸಿಕೊಂಡ ಕಥೆ ಕೇಳಿದವರಿಗೆ ಇದು ಹೊಸದಲ್ಲ.

ಆಮೇಲೆ ಹತ್ತಿ ಬೆಳೆಯುವವರ ಕಣ್ಣು ಉಳಿದ ನೆಲದ ಮೇಲೆ ಬಿತ್ತು. 1830ರ ‘ಡ್ಯಾನ್ಸಿಂಗ್ ರ್‍ಯಾಬಿಟ್ ಕ್ರೀಕ್’ ಒಪ್ಪಂದದಲ್ಲಿ ಇನ್ನೂ ಸುಮಾರು 1 ಕೋಟಿ 10 ಲಕ್ಷ ಎಕರೆ ಹೋಯಿತು. 1831ರಿಂದ 33ರವರೆಗೆ ಸಾವಿರಾರು ಜನ ಪಶ್ಚಿಮಕ್ಕೆ ಹೊರಟರು. ಹಿಮ, ಹಸಿವು, ಕಾಲರಾಕ್ಕೆ ಸಿಕ್ಕಿ ಸತ್ತವರು ಸುಮಾರು 2,500 ಅಂತ ಅಂದಾಜು. ಒಂದಷ್ಟು ಜನ ಮಿಸಿಸಿಪ್ಪಿಯಲ್ಲೇ ಉಳಿದರು, ಅವರ ವಂಶದವರು ಇವತ್ತಿಗೂ ಅಲ್ಲಿದ್ದಾರೆ.

ಎಲ್ಲ ಕಳಕೊಂಡು ಬಂದವರು ಮೊದಲು ಮಾಡಿದ್ದೇನು ಗೊತ್ತಾ? 1834ರಲ್ಲೇ ಹೊಸ ಸಂವಿಧಾನ ಬರೆದರು. ಹೊಸ ರಾಜಧಾನಿಗೆ ಆ ತಾಯಿ ದಿಬ್ಬದ ಹೆಸರನ್ನೇ ಇಟ್ಟರು. ಶಾಲೆ ಕಟ್ಟಿದರು. 1847ರಲ್ಲಿ ಐರ್ಲೆಂಡ್‌ನಲ್ಲಿ ಕ್ಷಾಮ ಅಂತ ಕೇಳಿ 170 ಡಾಲರ್ ಚಂದಾ ಎತ್ತಿ ಕಳಿಸಿದರು. ಐರಿಶ್ ಜನ ಅದನ್ನು ಮರೆತಿಲ್ಲ. ಕಾರ್ಕ್ ಕೌಂಟಿಯಲ್ಲಿ ಉಕ್ಕಿನ ಒಂಬತ್ತು ಗರಿಗಳ ಸ್ಮಾರಕ ನಿಲ್ಲಿಸಿದ್ದಾರೆ.

ಎರಡನೇ ದಿನ ಆ್ಯಂಟ್ಲರ್ಸ್, ಕ್ಲೇಟನ್ ದಾಟಿ ಟಸ್ಕಹೋಮಾ ಕಡೆ ಹೋದೆವು. ಪೈನ್ ಮರಗಳ ಗುಡ್ಡ, ಖಾಲಿ ರಸ್ತೆ. ಅಲ್ಲಿ 1884ರ ಕೆಂಪು ಇಟ್ಟಿಗೆಯ ಮೂರಂತಸ್ತಿನ ಕಟ್ಟಡವಿದೆ, ಇವರ ಹಳೇ ವಿಧಾನಸೌಧ ಅನ್ನಿ. ಈಗ ಅದು ಮ್ಯೂಸಿಯಂ. ಅದರ ಮುಂದೆ ನಿಂತಾಗ ನನ್ನನ್ನು ಹೆಚ್ಚು ಕಾಡಿದ್ದು ಎರಡನೇ ಸಲದ ಕಳವು.

ಇಲ್ಲಿನ ನೆಲ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ, ಇಡೀ ಜನಾಂಗಕ್ಕೆ ಸೇರಿತ್ತು. ಬಳಸಬಹುದಿತ್ತು, ಮಾರುವ ಹಾಗಿರಲಿಲ್ಲ. 1898ರ ಕರ್ಟಿಸ್ ಕಾಯ್ದೆಯ ನಂತರ ಅದನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚಿದರು. ಕೇಳಲಿಕ್ಕೆ ನ್ಯಾಯ ಅನ್ನಿಸುತ್ತದೆ ಅಲ್ವಾ? ಆದರೆ ಒಬ್ಬನ ಹೆಸರಿಗೆ ಬಂದ ನೆಲವನ್ನು ಒಬ್ಬನಿಂದಲೇ ಬರೆಸಿಕೊಳ್ಳಬಹುದು. ತೆರಿಗೆ, ಮೋಸ, ಸುಳ್ಳು ಪಾಲಕತ್ವ, ಹೀಗೆ ನಾನಾ ದಾರಿಯಲ್ಲಿ ಕೆಲವೇ ದಶಕಗಳಲ್ಲಿ ಬಹುಪಾಲು ಪರರ ಪಾಲಾಯಿತು. 1906ರ ಕಾನೂನಿನಿಂದ ಇವರ ಮುಖ್ಯಸ್ಥರನ್ನು ನೇಮಿಸುವ ಅಧಿಕಾರವೂ ಅಮೆರಿಕದ ಅಧ್ಯಕ್ಷರ ಕೈಗೆ ಹೋಯಿತು. 1918ರಲ್ಲಿ ಚಾಕ್ಟಾ ಸೈನಿಕರು ಫ್ರಾನ್ಸ್‌ನ ಯುದ್ಧರಂಗದಲ್ಲಿ ತಮ್ಮ ಭಾಷೆಯನ್ನೇ ಗುಪ್ತ ಸಂಕೇತವಾಗಿ ಬಳಸಿ ಅಮೆರಿಕಕ್ಕೆ ನೆರವಾದರು. ಆಗಲೂ ತಮ್ಮ ನಾಯಕನನ್ನು ತಾವೇ ಆರಿಸುವ ಹಕ್ಕು ಇವರಿಗಿರಲಿಲ್ಲ.

1959ರಲ್ಲಂತೂ ಈ ಬುಡಕಟ್ಟಿನ ಮಾನ್ಯತೆಯನ್ನೇ ಮುಗಿಸುವ ಕಾನೂನು ಬಂತು. ಅದರ ವಿರುದ್ಧ ಎದ್ದವರಲ್ಲಿ ಕೆಲಸಕ್ಕೆಂದು ಒಕ್ಲಹೋಮ ಸಿಟಿ ಸೇರಿದ್ದ ಯುವಕ ಯುವತಿಯರಿದ್ದರು. ಊರು ಬಿಟ್ಟು ನಗರ ಸೇರಿದ ನಮ್ಮಂಥವರೇ. ಕಾನೂನು 1970ರಲ್ಲಿ ರದ್ದಾಯಿತು. 1971ರಲ್ಲಿ ಜನ ತಮ್ಮ ಮುಖ್ಯಸ್ಥನನ್ನು ತಾವೇ ಆರಿಸಿದರು.

ಹಣ ಬಂದದ್ದು ಅದಾದ ಮೇಲೆ. 1987ರಲ್ಲಿ ಡುರಾಂಟ್‌ನಲ್ಲಿ ಬಿಂಗೊ ಹಾಲ್ ತೆರೆದರು, ಅದೇ ಮುಂದೆ ಕ್ಯಾಸಿನೊ ಆಯಿತು. ಬುಡಕಟ್ಟಿನ ಜೂಜಿನ ಆದಾಯ ಮುಖ್ಯವಾಗಿ ಜನರ ಸೇವೆಗೇ ಹೋಗಬೇಕು ಅನ್ನುತ್ತದೆ 1988ರ ಕೇಂದ್ರ ಕಾನೂನು. 1999ರಲ್ಲಿ ತಾಲಿಹಿನಾದಲ್ಲಿ ಇವರದೇ ಆಸ್ಪತ್ರೆ ಬಂತು. ಶಾಲೆಗಳಲ್ಲಿ ಚಾಕ್ಟಾ ಭಾಷೆಯ ಪಾಠ ನಡೆಯುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಒಂದು ಕಾಲದಲ್ಲಿ ಇವರಲ್ಲಿ ಸಿರಿವಂತರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಬಿಡುಗಡೆಯಾದವರಿಗೆ 1885ರಲ್ಲಿ ಪೌರತ್ವ ಸಿಕ್ಕಿತ್ತು. ಆದರೆ 1983ರ ಸಂವಿಧಾನ ರಕ್ತಸಂಬಂಧ ಕೇಳುತ್ತದೆ, ಹಾಗಾಗಿ ಅವರ ವಂಶದವರಲ್ಲಿ ಎಷ್ಟೋ ಜನ ಹೊರಗುಳಿದರು. ತಾವೇ ಹೊರಹಾಕಿಸಿಕೊಂಡವರು ಇನ್ನೊಬ್ಬರಿಗೆ ಬಾಗಿಲು ಹಾಕುವುದನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ.

ಅಮೆರಿಕದಲ್ಲಿ ಆ ಕಡೆ ಇರುವವರು ಸೆಪ್ಟೆಂಬರ್‌ನ ಲೇಬರ್ ಡೇ ರಜೆಗೆ ಟಸ್ಕಹೋಮಾಗೆ ಹೋಗಿ. ಸ್ಟಿಕ್‌ಬಾಲ್ ಆಟ, ಹಾಡು, ಊಟ ಎಲ್ಲ ಇರುತ್ತದೆ. ಇವರ ಮುಖ್ಯಸ್ಥರು ಆ ವರ್ಷ ಏನು ಮಾಡಿದೆವು ಅಂತ ಜನರ ಮುಂದೆ ಭಾಷಣ ಮಾಡುತ್ತಾರೆ. ಒಮ್ಮೆ ವಾಷಿಂಗ್ಟನ್‌ನಿಂದ ನೇಮಕವಾಗುತ್ತಿದ್ದ ಆ ಹುದ್ದೆ ಈಗ ಹುಲ್ಲಿನ ಮೇಲೆ ಕೂತ ಜನರಿಗೆ ಲೆಕ್ಕ ಒಪ್ಪಿಸುತ್ತದೆ.