ದಾಖಲೆ ಮಾಡಿದ ಮೈಕು

2025ರ ಜನವರಿಯಲ್ಲಿ ಅಹಮದಾಬಾದಿನ ಕ್ರಿಕೆಟ್ ಮೈದಾನದಲ್ಲಿ ಕೋಲ್ಡ್‌ಪ್ಲೇ ತಂಡದ ಹಾಡಿಗೆ ಲಕ್ಷಕ್ಕೂ ಮೀರಿ ಜನ ಸೇರಿದಾಗ, ನಮ್ಮ ಪತ್ರಿಕೆಗಳು ಹಾಡು ಹೇಗಿತ್ತು ಎನ್ನುವುದಕ್ಕಿಂತ ತಲೆ ಎಷ್ಟಿತ್ತು ಎಂಬುದನ್ನೇ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿದವು. ರಾಕ್ ಸಂಗೀತಕ್ಕೆ ಈ ತಲೆ ಎಣಿಸುವ ಚಟ ಹತ್ತಿಸಿದ್ದು ನ್ಯೂಯಾರ್ಕಿನ ಶೇ ಸ್ಟೇಡಿಯಂ. 1965ರ ಆಗಸ್ಟ್ 15ರ ರಾತ್ರಿ ಬೀಟಲ್ಸ್ ಅಲ್ಲಿ ಹಾಡಿದರು. 55,600 ಜನ, 3,04,000 ಡಾಲರ್ ಗಲ್ಲಾ, ಹೆಚ್ಚೆಂದರೆ 5.65 ಡಾಲರಿನ ಟಿಕೆಟ್ಟು, ಹನ್ನೆರಡು ಹಾಡು, ಸುಮಾರು ಅರ್ಧ ಗಂಟೆ. ಈ ಅಂಕಿಗಳು ಬೀಟಲ್ಸ್ ಭಕ್ತರಿಗೆಲ್ಲ ಬಾಯಿಪಾಠ. ರಾಕ್ ಕಛೇರಿಗೆ ಅಷ್ಟು ಜನ ಸೇರಿದ ದಾಖಲೆಯ ಕೀರ್ತಿ ಹಾಡಿದ ನಾಲ್ವರಿಗೆ ಹೋಯಿತು, ಸ್ವಲ್ಪ ಪಾಲು ಸಂಘಟಕ ಸಿಡ್ ಬರ್ನ್‌ಸ್ಟೀನ್‌ಗೂ ಸಿಕ್ಕಿತು. ಸಲ್ಲಬೇಕಾದ ಇನ್ನೊಬ್ಬರಿಗೆ ಮಾತ್ರ ಬೈಗುಳವೇ ಸಂದಿದೆ. ಅದು ಆ ಮೈದಾನದ ಮೈಕು.

ಶೇ ಸ್ಟೇಡಿಯಂ ಬಾಗಿಲು ತೆರೆದದ್ದು 1964ರ ಏಪ್ರಿಲ್‌ನಲ್ಲಿ, ಮೆಟ್ಸ್ ತಂಡದ ಬೇಸ್‌ಬಾಲಿಗಾಗಿ. ಅಲ್ಲಿನ ಧ್ವನಿವರ್ಧಕಗಳಿಗೆ ಇದ್ದ ಕೆಲಸ ಒಂದೇ: ಈಗ ಬ್ಯಾಟು ಹಿಡಿದು ಬರುತ್ತಿರುವವರು ಇಂಥವರು ಎಂದು ಕೂಗುವುದು. ಹೆಸರು ಅರ್ಥವಾದರೆ ಸಾಕು, ಇಂಪಿನ ಗೊಡವೆ ಅವಕ್ಕಿಲ್ಲ. ಗಿಟಾರಿಗೆಂದು ವಾಕ್ಸ್ ಕಂಪನಿ ನೂರು ವಾಟಿನ ಪೆಟ್ಟಿಗೆಗಳನ್ನು ಒದಗಿಸಿತ್ತು. ಆ ಕಾಲಕ್ಕೆ ಅದು ಭಾರಿ ಎನಿಸಿದರೂ ಐವತ್ತೈದು ಸಾವಿರ ಗಂಟಲುಗಳ ಎದುರು ಎಲ್ಲಿಗೂ ಸಾಲದು. ಹಾಡುಗಾರರ ದನಿಯನ್ನಂತೂ ಈ ಹೆಸರು ಕೂಗುವ ವ್ಯವಸ್ಥೆಗೇ ಒಪ್ಪಿಸಲಾಯಿತು. ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ನಂಬರು ಕೂಗುವ ಮೈಕಿನಲ್ಲಿ ಕಛೇರಿ ನಡೆಸಿದ ಹಾಗೆ. ವೇದಿಕೆ ಮೈದಾನದ ನಡುವೆ, ಎರಡನೇ ಬೇಸ್ ಬಳಿ. ಜನರೆಲ್ಲ ದೂರದ ಮೆಟ್ಟಿಲುಗಳಲ್ಲಿ. ಹುಲ್ಲಿನ ಮೇಲೆ ಪೊಲೀಸರು, ಕ್ಯಾಮೆರಾದವರು, ಬೇಲಿ ಹಾರಿ ಓಡಿಬಂದ ಕೆಲವು ಹುಡುಗಿಯರು. ತಮ್ಮ ಹಾಡು ತಮಗೇ ಕೇಳಿಸಲು ಹಾಡುಗಾರರ ಕಡೆಗೆ ತಿರುಗಿಸಿದ ಸ್ಪೀಕರು ಒಂದೂ ಇಲ್ಲ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಜಾನ್ ಲೆನನ್ ಆರ್ಗನ್ನಿನ ಮನೆಗಳನ್ನು ಮೊಣಕೈಯಲ್ಲೇ ಉಜ್ಜುತ್ತಿದ್ದರು. ಯಾರಿಗೆ ಕೇಳಿಸೀತು ಎಂಬ ಧೈರ್ಯವಿಲ್ಲದೆ ಹಾಗೆ ಬಾರಿಸಲಾಗದು.

ಕೇಳಿಸದ ಮೇಲೆ ಅದು ಸಂಗೀತ ಕಛೇರಿ ಹೇಗಾಯಿತು, ದುಡ್ಡು ಕೊಟ್ಟವರಿಗೆ ಟೋಪಿ ಹಾಕಿದಂತಾಗಲಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ್ದೇ. ಆದರೆ ಬಂದವರಲ್ಲಿ ಬಹುಪಾಲು ಮಂದಿಗೆ ಆ ಹಾಡುಗಳು ರೇಡಿಯೊದಿಂದ, ರೆಕಾರ್ಡಿನಿಂದ ಕಂಠಪಾಠವಾಗಿದ್ದವು. ಅವರಿಗೆ ಬೇಕಾಗಿದ್ದು ಜಾತ್ರೆ. ತೇರು ಕಾಣಬೇಕು, ಮಂತ್ರ ಕೇಳಿಸದಿದ್ದರೂ ನಡೆದೀತು. ಮೈಕು ಚೆನ್ನಾಗಿದ್ದರೂ ಕಿರುಚಾಟ ನಿಲ್ಲುತ್ತಿರಲಿಲ್ಲ ಎಂಬ ಎರಡನೆಯ ಆಕ್ಷೇಪಕ್ಕೆ ಇದಕ್ಕಿಂತ ಬಲವಿದೆ. ಸಂಗೀತಕ್ಕೆಂದೇ ಕಟ್ಟಿದ ಹಾಲಿವುಡ್ ಬೌಲ್‌ನಲ್ಲೂ ಅದೇ ಕೂಗು ಎದ್ದಿತ್ತು, ನಿಜ. ಆದರೂ ಅಲ್ಲಿನ ಧ್ವನಿಮುದ್ರಣ 1977ರಲ್ಲಿ ರೆಕಾರ್ಡಾಗಿ ಹೊರಬರುವಷ್ಟು ನೆಟ್ಟಗಿತ್ತು. ಶೇ ಸ್ಟೇಡಿಯಂನಲ್ಲಿ ಕ್ಯಾಮೆರಾದವರು ತೆಗೆದ ಚಿತ್ರಕ್ಕಾದರೋ 1966ರ ಜನವರಿಯಲ್ಲಿ ನಾಲ್ವರೂ ಲಂಡನ್ನಿನ ಸ್ಟುಡಿಯೊದಲ್ಲಿ ಕೂತು ಎಷ್ಟೋ ಭಾಗಗಳನ್ನು ಮತ್ತೆ ಹಾಡಿ ಬಾರಿಸಬೇಕಾಯಿತು. ಒಂದು ಹಾಡಿಗಂತೂ ಮಾರುಕಟ್ಟೆಯಲ್ಲಿದ್ದ ರೆಕಾರ್ಡನ್ನೇ ಅಂಟಿಸಿದರು. ಸಾವಿರಾರು ಜನರ ಎದುರು ಹಾಡಿದ್ದನ್ನು ಮುಚ್ಚಿದ ಕೋಣೆಯಲ್ಲಿ ರಿಪೇರಿ ಮಾಡುವವರಿಗೆ, ಮುಂದೊಂದು ದಿನ ಕೋಣೆಯೇ ಸಾಕು ಅನ್ನಿಸಿದರೆ ಆಶ್ಚರ್ಯವೇನು? 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ಇನ್ನೊಂದು ಬೇಸ್‌ಬಾಲ್ ಮೈದಾನದಲ್ಲಿ ಹಾಡಿದ್ದೇ ಕೊನೆ, ಊರೂರು ಸುತ್ತುವುದನ್ನು ಅವರು ಬಿಟ್ಟರು. ಮನಿಲಾದಲ್ಲಾದ ರಂಪ, ಅಮೆರಿಕದಲ್ಲಿ ಅವರ ರೆಕಾರ್ಡುಗಳನ್ನು ಸುಟ್ಟದ್ದು, ದಣಿವು ಎಲ್ಲವೂ ಕಾರಣವೇ. ಮೈಕೊಂದೇ ಎಂದು ಹಟ ಹಿಡಿದರೆ ಅಭಿಮಾನ ಅತಿಯಾದೀತು. ಆದರೆ ಮರುವರ್ಷ ಬಂದ ‘ಸಾರ್ಜೆಂಟ್ ಪೆಪ್ಪರ್’ ಸ್ಟುಡಿಯೊದಲ್ಲಿ ಮಾತ್ರ ಹುಟ್ಟಬಹುದಾದ ಕೃತಿ, ಮೈದಾನದಲ್ಲಿ ಕೇಳಿಸಬೇಕೆಂಬ ಹಂಗೇ ಅದಕ್ಕಿರಲಿಲ್ಲ. ಆ ಬಿಡುಗಡೆಯಲ್ಲಿ ಶೇ ಮೈಕಿಗೂ ಒಂದು ಚೂರು ಪಾಲು ಕೊಡಲು ಜಿಪುಣತನ ಬೇಡ.

ಜಾಣ ಉಪಕರಣಗಳು ಹೇಗೂ ಬರುತ್ತಿದ್ದವು, ಸೋತ ಮೈಕಿಗೆ ಇಷ್ಟು ಮರ್ಯಾದೆ ಯಾಕೆ ಎನ್ನುವವರೂ ಇದ್ದಾರೆ. ಬರುತ್ತಿದ್ದವು, ಒಪ್ಪಿದೆ. ಆದರೆ ಇಷ್ಟು ಜನ ಒಂದೆಡೆ ಸೇರುತ್ತಾರೆಂದು ಗೊತ್ತಾಗದೆ ಅವುಗಳ ಮೇಲೆ ದುಡ್ಡು ಹಾಕುವವರು ಯಾರು? ಗಿರಾಕಿ ಇದ್ದಾರೆ, ಸರಕು ಇಲ್ಲ ಎಂದು ಇಡೀ ವ್ಯಾಪಾರಕ್ಕೆ ಒಂದೇ ರಾತ್ರಿಯಲ್ಲಿ ತೋರಿಸಿಕೊಟ್ಟಿದ್ದು ಆ ಸೋಲೇ. ಒಂದೇ ತಂಡಕ್ಕಾಗಿ ಸೇರಿದ ಜನರ ಲೆಕ್ಕದಲ್ಲಿ ಶೇ ದಾಖಲೆಯನ್ನು 1973ರ ಮೇ 5ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ ಲೆಡ್ ಜೆಪ್ಪೆಲಿನ್ ಮುರಿಯಿತು. ಸೇರಿದವರು 56,800, ಅಂದರೆ ಬರೀ ಸಾವಿರದ ಇನ್ನೂರು ಹೆಚ್ಚು. ಆದರೆ ಆ ತಂಡ ಮೈದಾನದವರ ಮೈಕನ್ನು ನಂಬಿಕೊಂಡು ಬಂದಿರಲಿಲ್ಲ, ಸ್ಪೀಕರುಗಳನ್ನೆಲ್ಲ ತಾನೇ ಹೊರಿಸಿಕೊಂಡು ಬಂದಿತ್ತು.