ಬಣ್ಣದ ಮೇಲೆ ಬಣ್ಣ

ಕೂದಲಿಗೆ ಬಣ್ಣ ಹಚ್ಚುವುದು ಅಷ್ಟೇನೂ ದೊಡ್ಡ ತಪ್ಪಲ್ಲ. ಹಚ್ಚಿದ ಬಣ್ಣವನ್ನು ಮನೆಯಲ್ಲೇ ಬದಲಿಸಹೊರಡುವುದಿದೆಯಲ್ಲ, ಅದು ಮಾತ್ರ ಪೂರ್ವಜನ್ಮದ ಕರ್ಮ. ನಗಬೇಡಿರಿ, ಅನುಭವದಿಂದ ಹೇಳುತ್ತಿದ್ದೇನೆ. ನನ್ನ ವಯಸ್ಸು ೩೬, ನನ್ನ ತಲೆಯ ವಯಸ್ಸು ೬೦. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ವರ್ಷವೇ ನರೆ ಕಾಣಿಸಿಕೊಂಡಿತು. ಅಂದಿನಿಂದ ತಿಂಗಳಿಗೊಂದು ರವಿವಾರ, ಡೊಂಬಿವಲಿಯ ನಮ್ಮ ಬಚ್ಚಲಲ್ಲಿ, ಈ ಕಪ್ಪಿನ ವ್ರತ ತಪ್ಪದೆ ನಡೆದುಬಂದಿತ್ತು.

ದೀಪಾವಳಿ ಮೂರು ವಾರವಿದೆಯೆನ್ನುವಾಗ ಕಚೇರಿಯ ಗೆಳೆಯನೊಬ್ಬ, “ಬೂಟಿಗೂ ತಲೆಗೂ ಒಂದೇ ಡಬ್ಬಿಯೇನು?” ಎಂದು ಕೇಳಿಬಿಟ್ಟ. ಮಾತು ನಾಟಿತು. ಸಹಜವಾಗಿ ಕಂಡೀತೆಂದು ಕಂದು ಬಣ್ಣದ ಪೆಟ್ಟಿಗೆ ತಂದೆ. ಹಚ್ಚಿ, ಅರ್ಧ ತಾಸು ಕಾದು, ತೊಳೆದು ಹೊರಬಂದೆ. ನನ್ನಾಕೆ ಹಿಡಿದ ಸೌಟು ಹಿಡಿದಂತೆಯೇ ನಿಂತಳು. “ಇದೇನ್ರೀ! ಬುಡದಾಗ ತಾಮ್ರ, ತುದಿಯಾಗ ಇದ್ದಲಿ!”

ನಾನು ಬರಿಯ ಬಿ.ಎ. ಪಕ್ಕದ ಮನೆಯ ರಸಾಯನಶಾಸ್ತ್ರದ ಮಾಸ್ತರರು ಕಾರಣ ಬಿಡಿಸಿ ಹೇಳಿದರು. ಬಣ್ಣದ ಸಣ್ಣ ಅಣುಗಳು ಕೂದಲಿನೊಳಗೆ ಹೊಕ್ಕು, ಪೆರಾಕ್ಸೈಡಿನ ಸಹವಾಸದಿಂದ ಕೂಡಿಕೊಂಡು ದೊಡ್ಡವಾಗುತ್ತವೆ. ಹೊಕ್ಕ ಬಾಗಿಲಿನಿಂದ ಮತ್ತೆ ಹೊರಬರಲಾರವು. ಅದರ ಮೇಲೆ ಕಂದು ಹಚ್ಚಿದರೆ ಕಪ್ಪು ತಿಳಿಯಾಗದು. ತಿಳಿಯಾಗಿಸಲು ಬ್ಲೀಚು ಬೇಕು; ಅದು ಕೂದಲನ್ನೇ ಕೆಡಿಸುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವ ಬಿಳಿಯ ಬುಡ ಮಾತ್ರ ಹೊಸ ಬಣ್ಣವನ್ನು ಹಿಡಿದಿತ್ತು.

“೪೮ ತಾಸು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಿದ್ದಿರಾ?” ಎಂದರು. ಎಲ್ಲಿಯದು! ಕಿವಿಯ ಹಿಂದಿನ ತುರಿಕೆ ಆರು ತಿಂಗಳಿನದು, ಮನೆಯಲ್ಲಿಯೂ ಹೇಳಿರಲಿಲ್ಲ. ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮದರಂಗಿಗೆ ಶರಣಾಗೋಣವೆಂದರೆ, ಶುದ್ಧ ಮದರಂಗಿ ಕೆಂಪನ್ನಷ್ಟೇ ಕೊಡುತ್ತದೆ. ‘ಕಪ್ಪು ಮದರಂಗಿ’ ಎಂದು ಮಾರುವ ಪುಡಿಗಳಲ್ಲಿ ಅದೇ ಪಿಪಿಡಿ ಇರುವುದುಂಟು. ಚರ್ಮದ ವೈದ್ಯರೂ, “ಇನ್ನು ಬಣ್ಣದ ಗೊಡವೆ ಬೇಡ” ಎಂದರು.

ಹಬ್ಬಕ್ಕೆ ಧಾರವಾಡದಿಂದ ಅವ್ವ ಬಂದಳು. ಎರಡು ದಿನ ಟೊಪ್ಪಿಗೆ ಹಾಕಿಕೊಂಡು ತಪ್ಪಿಸಿಕೊಂಡೆ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಬಟ್ಟಲು ಹಿಡಿದು ಕರೆದಾಗ ಎಲ್ಲಿ ಹೋಗಲಿ? ಎಣ್ಣೆ ತಿಕ್ಕುತ್ತ, ತಾಮ್ರದ ಕೆಳಗೆ ಆಗಲೇ ಇಣುಕುತ್ತಿದ್ದ ಬಿಳಿಯನ್ನು ಬೆರಳಿನಿಂದ ಬಿಡಿಸಿ ನೋಡಿದಳು.

“ನಿಮ್ಮಪ್ಪಂದೂ ಹಿಂಗ ಲಗೂನ ಬೆಳ್ಳಗಾಗಿತ್ತೋ ತಮ್ಮಾ.”

ನಾನು ಐದು ವರ್ಷದವನಿದ್ದಾಗಲೇ ಅಪ್ಪ ತೀರಿಕೊಂಡವರು. ನಾನು ಕಂಡ ಅಪ್ಪನೆಂದರೆ ಗೋಡೆಯ ಮೇಲಿನ ಫೋಟೋದವರು.

“ಫೋಟೋದಾಗ ಕರಿ ಕೂದಲ ಅದಾವಲ್ಲವಾ?”

“ಅದು ಸ್ಟುಡಿಯೋದವ ಬರದದ್ದು. ನಾನಽ ಹೇಳಿ ಬರಸಿದೆ.” ಸ್ವಲ್ಪ ಹೊತ್ತು ಸುಮ್ಮನೆ ಎಣ್ಣೆ ತಿಕ್ಕಿದಳು. “ಬರಸಬಾರದಿತ್ತು.”

ಹಬ್ಬ ಮುಗಿದ ಮೇಲೆ ಕ್ಷೌರದಂಗಡಿಗೆ ಹೋಗಿ ಕಪ್ಪನ್ನೂ ತಾಮ್ರವನ್ನೂ ಕತ್ತರಿಸಿಹಾಕಿಸಿದೆ. ಈಗ ಕನ್ನಡಿಯಲ್ಲಿ ಕಾಣುವ ಮುಖದ ಪರಿಚಯ ನನಗಿನ್ನೂ ಚೆನ್ನಾಗಿ ಆಗಿಲ್ಲ. ಅವ್ವನಿಗೆ ಮಾತ್ರ ಅದು ಹಳೆಯ ಪರಿಚಯ.

ಮೊನ್ನೆ ಬೆಳಗಿನ ಲೋಕಲ್ಲಿನಲ್ಲಿ, ಆ ನೂಕುನುಗ್ಗಲಿನಲ್ಲಿ, ಹುಡುಗನೊಬ್ಬ ಎದ್ದು ನಿಂತು, “ಕಾಕಾ, ಬಸಾ” ಎಂದ. ಡೊಂಬಿವಲಿಯವರಿಗೆ ಆ ಜಾಗದ ಬೆಲೆ ಗೊತ್ತು. ನಾನು ಎರಡನೆಯ ಮಾತಾಡದೆ ಕುಳಿತುಬಿಟ್ಟೆ.