ಬಿರಿದ ಲೋಟ

ತಮಿಳಿನಲ್ಲಿ ಪಾಠ ನಡೆಯುವ ಕೊಂಬೈಯ ನಮ್ಮ ಶಾಲೆಯಲ್ಲಿ ಬಹಳ ವರ್ಷಗಳ ಹಿಂದೆ ಬಾಲಕಿಯೊಬ್ಬಳು ಅಜ್ಜಿಯಿಂದ ಕಲಿತ ಕನ್ನಡ ಪದವೊಂದನ್ನು ಹಾಡುತ್ತಿದ್ದಳು. ಮೇಜಿನ ಮೇಲಿದ್ದ ನನ್ನ ಗಾಜಿನ ಲೋಟ ಫಟ್ಟನೆ ಬಿರಿಯಿತು. "ಇವಳ ಕಂಠಕ್ಕೇ ಒಡೆಯಿತು" ಎಂದು ಮಕ್ಕಳು ನಕ್ಕರು, ನಾನೂ ನಕ್ಕೆ. ಮತ್ತೆ ಅವಳು ಹಾಡಲಿಲ್ಲ.

ಕಂಠದಿಂದ ಗಾಜು ಒಡೆಯುವುದು ಸುಳ್ಳೇನಲ್ಲ. ಪ್ರತಿ ಬಟ್ಟಲಿಗೂ ತನ್ನದೇ ಆದ ಸ್ವರವುಂಟು. ಬೆರಳಿನಿಂದ ತಟ್ಟಿದರೆ ಕೇಳುವುದು ಅದೇ. ಹೊರಗಿನ ನಾದ ಆ ಸ್ವರದೊಡನೆ ಕೂದಲೆಳೆಯಷ್ಟೂ ತಪ್ಪದೆ ಕೂಡಿದರೆ, ಹದವರಿತು ನೂಕಿದ ಉಯ್ಯಾಲೆಯಂತೆ ಗಾಜಿನ ಕಂಪನ ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ. 2005ರಲ್ಲಿ ಅಮೆರಿಕದ ಗಾಯಕ ಜೇಮಿ ವೆಂಡೆರಾ ಧ್ವನಿವರ್ಧಕವಿಲ್ಲದೆ ತೆಳು ಗಾಜಿನ ಮದ್ಯದ ಬಟ್ಟಲೊಂದನ್ನು ಹೀಗೆ ಒಡೆದು ತೋರಿಸಿದರು. ದನಿ 105 ಡೆಸಿಬೆಲ್ ಮುಟ್ಟಿತ್ತು. ಚಹಾದಂಗಡಿಯ ದಪ್ಪ ಲೋಟ ಎಳೆಯ ಹುಡುಗಿಯ ಹಾಡಿಗೆ ಜಗ್ಗೀತೆ?

ತಣ್ಣೀರಿನಲ್ಲಿ ತೊಳೆದ ಲೋಟಕ್ಕೆ ಸುಡುವ ಚಹಾ ಸುರಿದವನು ನಾನು. ಒಳಮೈ ಹಿಗ್ಗಿತು, ಹೊರಮೈ ಹಿಗ್ಗಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಕಲಿತ ಪಾಠವೇ. ಆ ಕ್ಷಣದಲ್ಲೇ ಹೊಳೆದಿತ್ತು, ಹೇಳಲಿಲ್ಲ.

ಈ ವರ್ಷ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಅವಳು ಬಂದಾಗ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂದು ನನ್ನ ತಪ್ಪೇನೂ ಇರಲಿಲ್ಲವೇ, ಸಾರ್?" ಎಂದಳು.